ಎರಡು ಬೆರಳು ಬಟ್ಟೆ

ಅವ್ವನ ತಮ್ಮನನ್ನೇ ಕಟ್ಟಿಕೊಂಡೆ,
ಹಾಗಾಗಿ ಅಜ್ಜಿಯೇ ಅತ್ತೆ.
ಸವರ್‌ಲೈನ್ ರಸ್ತೆಯ ಅಂಗಡಿ, ಎರಡು ಮಿಷನ್ನು,
ಗಜಕೋಲು, ಸೀಮೆಸುಣ್ಣ, ಒಂದು ಒಳ್ಳೆಯ ಕತ್ತರಿ.
ಯಾವುದೂ ಹೊರಗಿನವರ ಪಾಲಾಗಬಾರದೆಂದು
ಹುಡುಗಿಯನ್ನೂ ಮನೆಯೊಳಗೇ ಉಳಿಸಿಕೊಂಡರು.

ಮುಕ್ತಾ ಮೂರು ತಿಂಗಳಾದರೂ
ದೀಪದ ಕಡೆ ತಿರುಗಲಿಲ್ಲ.
ಮುಷ್ಟಿ ಕಟ್ಟಿ ಕಣ್ಣಿಗೆ ಒತ್ತಿಕೊಳ್ಳುವಳು, ಗಂಟೆಗಟ್ಟಲೆ.
ನಾನು ಬಿಡಿಸುವುದು, ಅವಳು ಮತ್ತೆ ಒತ್ತುವುದು.
ದೃಷ್ಟಿಯಿಲ್ಲದ ಕೂಸಿಗೆ
ಅಜ್ಜಿ ದೃಷ್ಟಿ ತೆಗೆದಳು, ಉಪ್ಪು ಮೆಣಸಿನಕಾಯಿ ನೀವಾಳಿಸಿ.
ಘಾಟಿಗೆ ನಮ್ಮೆಲ್ಲರ ಕಣ್ಣಲ್ಲೂ ನೀರು.

ರಕ್ತ ಹೈದರಾಬಾದಿಗೆ ಹೋಗಿ
ಕಾಗದವಾಗಿ ಬಂತು.
ಡಾಕ್ಟರ್ ನಫೀಸಾ ನನ್ನ ಕಸುಬಿನ ಮಾತಲ್ಲೇ ಹೇಳಿದರು:
"ಒಂದೇ ನಮೂನೆಗೆ ಎರಡು ಪ್ರತಿ ಎಲ್ಲರೊಳಗೂ,
ಅಪ್ಪನದೊಂದು, ಅಮ್ಮನದೊಂದು.
ನಿನ್ನಲ್ಲಿ ಒಂದು ಹರಿದಿದೆ, ಇನ್ನೊಂದು ಅದನ್ನು ಮುಚ್ಚಿದೆ.
ಅವನಲ್ಲೂ ಹಾಗೇ. ಅದೇ ಹರಕು, ಅದೇ ಜಾಗ.
ನಾಲ್ಕರಲ್ಲೊಂದು ಸಲ
ಮಗುವಿಗೆ ಹರಿದವೇ ಎರಡೂ ಬರುತ್ತವೆ."
ಎರಡೂ ಒಂದೇ ಥಾನಿನವು ಅಂತ ನನಗೂ ತಿಳಿಯಿತು.
ಅಜ್ಜಿಯದೋ, ತೀರಿಹೋದ ಅಜ್ಜನದೋ,
ಕೇಳಲಿಲ್ಲ.

ಹೇಳಿದಾಗ ತುಕಾರಾಮ ಕಾಜಾ ಹೊಲಿಯುತ್ತಿದ್ದ,
ಸೂಜಿ ಕೈತಪ್ಪಿತು.
ದೀಪ ಹಿಡಿದು ಇಬ್ಬರೂ ರಾತ್ರಿಯೆಲ್ಲ ಹುಡುಕಿದೆವು.
ಬೆಳಿಗ್ಗೆ ಸಿಕ್ಕಿದ್ದು ಮುಕ್ತಾಳಿಗೆ,
ನೆಲ ಸವರುವ ಅಂಗೈಗೆ.

ಕಳೆದ ತಿಂಗಳು ಮತ್ತೆ ಹೋದೆವು, ಸಾಗರ ರಸ್ತೆಯ ಆಸ್ಪತ್ರೆಗೆ.
ಈಗೊಂದು ಕತ್ತರಿ ಬಂದಿದೆಯಂತೆ, ಕಣ್ಣಿಗೆ ಕಾಣದ್ದು.
ಹಲ್ಲು ಕಿತ್ತ ವೈರಸ್ಸಿನ ಬೆನ್ನೇರಿ
ಕಣ್ಣಿನ ಹಿಂಪರದೆಗೆ ಹೋಗಿ
ಕೆಟ್ಟ ಎಳೆ ಹುಡುಕಿ ಕತ್ತರಿಸುತ್ತದಂತೆ.
ಹೊರದೇಶದಲ್ಲಿ ಕೆಲವರಿಗೆ ಬಾಗಿಲು ಯಾವುದು
ಗೋಡೆ ಯಾವುದು ಅನ್ನುವಷ್ಟು ತಿಳಿಯಿತಂತೆ.
ಕೆಲವರಿಗೆ ಏನೂ ಇಲ್ಲ.
ದರ್ಜಿ ಕೇಳುವುದನ್ನೇ ಕೇಳಿದೆ:
"ಅಳತೆ ತಪ್ಪಿ ಪಕ್ಕದಲ್ಲಿ ಕತ್ತರಿಸಿದರೆ?"
ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.
"ಅದಕ್ಕೇ ಇನ್ನೂ ಪ್ರಯೋಗ ಅನ್ನೋದು.
ಮತ್ತೆ, ನಿಮ್ಮ ಹರಕಿನ ಜಾಗಕ್ಕೆ
ಕತ್ತರಿ ಇನ್ನೂ ಯಾರೂ ಮಾಡಿಲ್ಲಮ್ಮ."
ಅಲ್ಲೀತನಕ ಪರದೆ ತಾಳೀತೇ ಅಂತ
ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಸಿಟಿ ಬಸ್ಸಿನ ಕಿಟಕಿಗೆ ಕೆನ್ನೆ ಆನಿಸಿ ಮುಕ್ತಾ:
"ಅಮ್ಮಾ, ಒತ್ತಿಕೊಂಡಾಗ ಒಳಗೆ
ಚಿಟಚಿಟ ಅಂತ ಏನೋ ಆಗುತ್ತಲ್ಲ,
ಕಾಣೋದು ಅಂದ್ರೆ ಅದಾ?"
ಆರು ವರ್ಷ ಆ ಕೈಗಳನ್ನು
ಬಿಡಿಸುತ್ತಲೇ ಇದ್ದೆ ನಾನು.

ಜೂನಿಗೆ ಶಾಲೆ. ಯೂನಿಫಾರಂ ನಾನೇ ಹೊಲಿದೆ.
ಬೆಳೆಯುವ ಮಕ್ಕಳ ಲಂಗಕ್ಕೆ ಅಂಚಿನೊಳಗೆ
ಎರಡು ಬೆರಳು ಬಟ್ಟೆ ಮಡಿಸಿಡುವುದು ನಮ್ಮಲ್ಲಿ ರೂಢಿ.
ಅವಳ ಬೆರಳು ಸೀದಾ ಅಲ್ಲಿಗೇ ಹೋಯಿತು.
"ಇಲ್ಯಾಕೆ ದಪ್ಪ?"
"ಆಮೇಲೆ ಬಿಚ್ಚೋಕೆ."
"ಯಾವಾಗ?"

ಮಿಷನ್ನು ತುಳಿದೆ.
ದಾರ ಕಡಿದಿತ್ತು,
ಹಾಗೇ ತುಳಿದೆ.