ಹಗ್ಗ ಕಟ್ಟಿದ ಬೀದಿ

ಪುಂತಾ ಅರೇನಾಸಿನಲ್ಲಿ ವಸಂತ ಬಂತೆಂದರೆ
ನಗರಸಭೆಯವರು ಬೀದಿ ಮೂಲೆಗಳಿಗೆ ಹಗ್ಗ ಕಟ್ಟುತ್ತಾರೆ.
ಹೂವಿಗಲ್ಲ, ಹಬ್ಬಕ್ಕಲ್ಲ.
ಗಾಳಿಗೆ.
ಬ್ಯಾಂಕಿನ ಮ್ಯಾನೇಜರೂ ಮೀನು ಮಾರುವವಳೂ
ಅದೇ ಹಗ್ಗ ಹಿಡಿದು ರಸ್ತೆ ದಾಟುತ್ತಾರೆ,
ಸೊಂಟ ಬಗ್ಗಿಸಿ, ತಲೆ ತಗ್ಗಿಸಿ,
ಯಾರಿಗೋ ತಪ್ಪೊಪ್ಪಿಕೊಳ್ಳಲು ಹೊರಟವರಂತೆ.

ಸಂಜೆ ಕಾಲೇಜು. ಮನಃಶಾಸ್ತ್ರ ಪ್ರವೇಶ. ಹದಿನಾಲ್ಕನೆಯ ಪಾಠ.
ಪ್ರೊಫೆಸರ್ ದಾನಿತ್ಸಾ ಬೋರ್ಡಿನ ಮೇಲೆ
ಇಗರ್ಜಿಯ ಗಂಟೆಯಂಥ ಒಂದು ಗುಡ್ಡ ಬರೆದರು.
"ಹೆಚ್ಚು ಜನ ಇಲ್ಲಿ, ಹೊಟ್ಟೆಯಲ್ಲಿ.
ಕೆಲವರು ಈ ಅಂಚಿನಲ್ಲಿ. ಅಂಚಿನಲ್ಲಿರುವುದೇ ಕಾಯಿಲೆಯೆ?"
ಯಾರೂ ಮಾತಾಡಲಿಲ್ಲ.
ಕಿಟಕಿಯ ಗಾಜು ಮಾತಾಡುತ್ತಿತ್ತು.
"ಹೊರಗೆ ನೋಡಿ, ಊರಿಗೆ ಊರೇ ಬಾಗಿ ನಡೆಯುತ್ತಿದೆ.
ಒಬ್ಬ ನೆಟ್ಟಗೆ ನಡೆದರೆ
ವೈದ್ಯರನ್ನು ಕರೆಸಬೇಕಾದ್ದು ಯಾರಿಗೆ?"
ನಕ್ಕೆವು. ಅವರು ನಗಲಿಲ್ಲ.
ಗುಡ್ಡ ಅಳಿಸಿ ಎರಡೇ ಸಾಲು ಬರೆದರು:
ನೋವು ಎಷ್ಟು?
ಬದುಕಿಗೆ ಅಡ್ಡಿ ಎಷ್ಟು?

ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡೆ, ದಿನಾಂಕ ಸಮೇತ.
ಅಲ್ಲಿಗೆ ಪೆನ್ನು ನಿಂತಿತು.

ಪೊರ್ವೆನೀರಿಗೆ ಹೋಗುವ ಫೆರಿಯಲ್ಲಿ ನನ್ನ ಕೆಲಸ
ಲಾರಿಗಳು ಹತ್ತಿದ ಮೇಲೆ ಸರಪಳಿಗೆ ಕೊಂಡಿ ಹಾಕುವುದು.
ಹಾಕುತ್ತೇನೆ. ಕಿಟಕ್ ಎನ್ನುತ್ತದೆ.
ಕಿವಿ ಕೇಳಿದ್ದನ್ನು ಕೈ ನಂಬುವುದಿಲ್ಲ,
ಕೈ ಮುಟ್ಟಿದ್ದನ್ನು ಎದೆ ನಂಬುವುದಿಲ್ಲ.
ಮತ್ತೆ ಹೋಗುತ್ತೇನೆ. ಮತ್ತೆ.
ಹತ್ತರ ಜೊತೆ ಹನ್ನೊಂದು ಎನ್ನುತ್ತಾರಲ್ಲ,
ನನ್ನದು ಲೆಕ್ಕವಿಟ್ಟ ಹನ್ನೊಂದು.
ಒಂದು ಕಡಿಮೆಯಾದರೆ
ಲಾರಿ ಜಾರಿ, ಕುರಿಗಳೆಲ್ಲ ನೀರಿಗೆ...
ಕುರಿಗಳ ಕಣ್ಣು ಕೂಡ ಕಾಣುತ್ತದೆ ನನಗೆ.
ಜವಾಬ್ದಾರಿಯ ಹುಡುಗ ಎಂದು ಕ್ಯಾಪ್ಟನ್ ಹೊಗಳಿದ್ದಾನೆ.
ಹೊರಡುವುದು ತಡವಾಯಿತೆಂದು
ಎರಡು ಸಲ ಸಂಬಳವನ್ನೂ ಹಿಡಿದಿದ್ದಾನೆ.

ಏಕೆ ಎನ್ನುವುದು ಹದಿನೈದನೆಯ ಪಾಠ.
ಮಿದುಳಿನ ಒಂದು ಸುರುಳಿ ತನ್ನನ್ನೇ ಸುತ್ತುತ್ತದಂತೆ.
ಹಿಂದಿರುಗಿ ಮುಟ್ಟಿದಾಗ ಭಯ ಒಮ್ಮೆ ಇಳಿದರೆ ಸಾಕು,
ಮನಸ್ಸು ಆ ಚಾಳಿಯನ್ನು ಕಲಿತುಬಿಡುತ್ತದಂತೆ.
ರಕ್ತ, ಬಾಲ್ಯ, ಊರು, ಮನೆ ಬಾಡಿಗೆ,
ಒಂದೇ ಕಾರಣ ಹೇಳುವವರನ್ನು ನಂಬಬೇಡಿ ಎಂದರು ದಾನಿತ್ಸಾ.
ಚಿಲೊಯೆ ದ್ವೀಪದ ನನ್ನ ತಾಯಿ ಒಂದೇ ಕಾರಣ ಹೇಳುತ್ತಾಳೆ:
ಗಾಳಿ ಮೆಟ್ಟಿದೆ.
ಇದ್ದರೂ ಇರಬಹುದು.
ಈ ಊರಿನಲ್ಲಿ ಅದು ಮೆಟ್ಟದೆ ಬಿಟ್ಟದ್ದು ಏನಿದೆ?
ಮರಗಳೇ ಪೂರ್ವಕ್ಕೆ ವಾಲಿ ಬೆಳೆದಿವೆ.
ಅವುಗಳ ವಾಲಿಗೆ ಯಾರೂ ಹೆಸರಿಟ್ಟಿಲ್ಲ.

ನನ್ನದಕ್ಕೆ ಹೆಸರಿದೆ. ಪುಟ ಮುನ್ನೂರ ಹನ್ನೆರಡು.
ಹಣೆಗೆ ಚೀಟಿ ಅಂಟಿಸಿದಂತಾಗಿ ಮೊದಲು ಹೆದರಿದೆ.
ಆಮೇಲೆ ಬಸ್ಸಿನಲ್ಲಿ ಅದೇ ಪುಟ ತೆರೆದು ಅತ್ತುಬಿಟ್ಟೆ.
ಹೆಸರಿದೆ ಎಂದರೆ
ನನಗಿಂತ ಮುಂಚೆ ಯಾರೋ
ಅರ್ಧ ದಾರಿಯಿಂದ ಹಿಂದಿರುಗಿದ್ದಾರೆ,
ಅವರ ಕೈಗೂ ಕಬ್ಬಿಣದ ವಾಸನೆ ಹತ್ತಿದೆ.

ಆಸ್ಪತ್ರೆಯ ಯೆಸೇನಿಯಾ ಹೆದರಬೇಡ ಎನ್ನಲಿಲ್ಲ.
ಬಿಳಿಯ ಮಾತ್ರೆಯ ವಿಷಯ ವೈದ್ಯರು ಹೇಳುತ್ತಾರೆ ಎಂದಳು.
"ನನ್ನ ಕಡೆಯಿಂದ ಇಷ್ಟು: ಕೊಂಡಿ ಹಾಕು. ತಿರುಗು. ನಡೆ.
ಭಯ ಬರಲಿ, ಏರಲಿ,
ಅದು ತಾನಾಗಿ ಇಳಿಯುವವರೆಗೆ ನಿಂತಿರು."
ಗುಣವಾಗುತ್ತದೆಯೆ ಎಂದೆ.
ಕಿಟಕಿಯಾಚೆ ಬ್ರೆಡ್ಡಿನ ಚೀಲ ಅಪ್ಪಿಕೊಂಡು
ಮುದುಕಿಯೊಬ್ಬಳು ಹಗ್ಗಕ್ಕೆ ಜೋತುಬಿದ್ದಿದ್ದಳು.
ಯೆಸೇನಿಯಾ ಅತ್ತಲೇ ನೋಡುತ್ತ
"ದಾಟುತ್ತೀಯ" ಎಂದಳು.

ಮಂಗಳವಾರ. ಮೂರು ಲಾರಿ ಕುರಿ.
ಕೊಂಡಿ ಹಾಕಿದೆ. ತಿರುಗಿದೆ. ನಡೆದೆ.
ಏಣಿಯ ಬುಡದಲ್ಲಿ ಎರಡೂ ಕೈ ಕಂಕುಳಲ್ಲಿಟ್ಟು ನಿಂತೆ.
ಬೆನ್ನ ಹಿಂದೆ ಲಾರಿ ಜಾರಿತು, ಮುಳುಗಿತು,
ಮತ್ತೆ ಜಾರಿತು, ಮತ್ತೆ ಮುಳುಗಿತು,
ಜಲಸಂಧಿಯ ನಡುವಿನವರೆಗೂ ಮುಳುಗುತ್ತಲೇ ಇತ್ತು.
ತಡೆಯಲಾಗದೆ ಓಡಿದೆ. ಮುಟ್ಟಿದೆ.
ಒಟ್ಟು ನಾಲ್ಕು ಸಲ.
ನಾಲ್ಕು, ಎಂದು ಯೆಸೇನಿಯಾಳ ಹಾಳೆಯಲ್ಲಿ ಬರೆದೆ.
ಕುರಿಗಳು ಮೆಲುಕು ಹಾಕುತ್ತಿದ್ದವು.
ಅವಕ್ಕದು ಬರೀ ಹುಲ್ಲು.