ಕ್ಲೊವೆಲ್ಲಿ, ವೈಟ್‌ಫೀಲ್ಡ್

ಭಾನುವಾರ ಎರಡು ಬಸ್ಸು ಬದಲಿಸಿ
ಇನ್ನರ್ ಸರ್ಕಲ್‌ನಲ್ಲಿ ಇಳಿದೆ.
ಹಂಚಿನ ಮನೆ, ಗೇಟಿಗೆ ತುಕ್ಕು,
ತುಕ್ಕಿನಡಿ ಹೆಸರು: ಕ್ಲೊವೆಲ್ಲಿ.

'ಡೆವನ್ ಕಡಲ ಬೆಸ್ತರ ಊರದು,
ಬೀದಿ ಎಷ್ಟು ಕಡಿದೋ,
ಸಾಮಾನೆಲ್ಲ ಕತ್ತೆ ಮೇಲೆ!'
ಡೋರೀನ್ ಆಂಟಿ ನೆನ್ನೆ ಹೋಗಿಬಂದಂತೆ ಹೇಳುತ್ತಾರೆ.
ಹೋದವರು ಅವರಲ್ಲ, ಅವರಪ್ಪನೂ ಅಲ್ಲ;
ತಾತನ ಹತ್ತಿರ ಒಂದು ಪೋಸ್ಟ್‌ಕಾರ್ಡ್ ಇತ್ತಂತೆ,
ಗೆದ್ದಲು ತಿಂದಿತು.

ದೋಣಿಗಳ ಬಣ್ಣ ಕೇಳಿದೆ.
ಟೀ ಸೋಸುತ್ತ ಯೋಚಿಸಿ
'ನೀಲಿ' ಅಂದರು.
ಅವರ ಕಿಟಕಿಯದೇ ನೀಲಿ.

ಮೂರಕ್ಕೆ ಹಾರ್ನ್. ನೀರಿನ ಟ್ಯಾಂಕರ್.
ಪೈಪು ಸಂಪಿನೊಳಗೆ ಭೋರೆಂದಾಗ
ಗೌನು ಎತ್ತಿಹಿಡಿದು ಓಡಿದರು ಆಂಟಿ:
'ಟೈಡ್ ಬಂತು ಮೆನ್, ಬಕೆಟ್ ತಗೊ!'

ವಾಪಸು ಮೆಟ್ರೋದಲ್ಲಿ
ನನ್ನ ಚಪ್ಪಲಿಯಿಂದ ನೀರು ಹರಿದು
ಪಕ್ಕದವರು
ಕಾಲು ಎಳೆದುಕೊಂಡರು.