ಕತ್ತರಿ ತೆರೆಯುವ ನರ

ಮುಚ್ಚುವುದಕ್ಕೇನೂ ತೊಂದರೆಯಿಲ್ಲ.
ಹನ್ನೆರಡು ಇಂಚಿನ ಕತ್ತರಿ, ಅಪ್ಪನ ಕಾಲದ್ದು,
ಯಾರಾದರೂ ಬೆರಳಿಗೆ ತೊಡಿಸಿಕೊಟ್ಟರೆ
ಕಚ್ ಅಂತ ಮುಚ್ಚುತ್ತೇನೆ.
ತೆರೆಯಲು ಹೋದರೆ ಮಣಿಕಟ್ಟು
ಮೊಳೆಗೆ ಸಿಕ್ಕಿಸಿದ ಅಂಗಿಯ ತೋಳು.

ಕೌಲ್‌ಬಜಾರಿನ ತಿರುವಿನಲ್ಲಿ ಟಂಟಂ ಮಗುಚಿತ್ತು.
ಎಂಬತ್ತು ಪ್ಯಾಂಟಿನ ಗಂಟು ನನ್ನ ಮೇಲೆ,
ಕಬ್ಬಿಣದ ಸರಳಿನ ಮೇಲೆ ನನ್ನ ಬಲತೋಳು.
ನಡುಮಧ್ಯೆ ಮುರಿದ ಮೂಳೆ
ಪಟ್ಟಿಯೊಳಗೆ ಕೂಡಿಕೊಂಡಿತು.
ಬೆರಳು ಏಳಲಿಲ್ಲ.

"ರೇಡಿಯಲ್" ಅಂದರು ಡಾಕ್ಟರು.
ಅದು ಲಾರಿಯ ಟೈರಲ್ಲವೇ ಸಾರ್, ಅಂದೆ.
ಅದಿರಿನ ಊರಲ್ಲಿ ಹುಟ್ಟಿದವನಿಗೆ
ಬೇರೆ ಯಾವ ರೇಡಿಯಲ್ ಗೊತ್ತಿರುತ್ತದೆ?
ಅವರು ನಕ್ಕು ತೋಳಿನ ಹಿಂಭಾಗ ಮುಟ್ಟಿದರು.
"ಇಲ್ಲಿ ಮೂಳೆಗೊಂದು ಜಾಡೈತೆ, ಎರ್ರಿಸ್ವಾಮಿ.
ಪೈಜಾಮದ ಲಾಡಿ ಸೊಂಟ ಸುತ್ತಿ ಬರ್ತದಲ್ಲ,
ಹಂಗೆ ಮೂಳೆ ಸುತ್ತಿ ಮುಂದಕ್ಕೆ ಬರ್ತದೆ.
ಕಡಿದಿಲ್ಲ, ಜಜ್ಜೈತೆ.
ಒಳಗಿನ ಎಳೆ ಸತ್ತಾವೆ, ಹೊರಗಿನ ಕೊಳವೆ ಉಳಿದೈತೆ.
ಎಳೆ ಮತ್ತೆ ತೂರಿಕೊಂಡು ಬರಬೇಕು."
ದಿನಕ್ಕೆಷ್ಟು?
"ಒಂದು ಮಿಲಿಮೀಟರು."

ಕೊರಳಿನ ಟೇಪು ತೆಗೆದು ಅಲ್ಲೇ ಅಳೆದೆ, ಎಡಗೈಯಲ್ಲಿ.
ಮುರಿದಲ್ಲಿಂದ ಮೊದಲ ಸ್ನಾಯುವಿಗೆ ಹನ್ನೆರಡು ಸೆಂಟಿ:
ನಾಲ್ಕು ತಿಂಗಳು.
ಹೆಬ್ಬೆರಳನ್ನು ಎತ್ತುವ ಸ್ನಾಯು ಅದರಾಚೆ,
ಮತ್ತೆ ಅಷ್ಟೇ ದೂರ.
ಒಂದು ಪ್ಯಾಂಟಿನ ಒಳಗಾಲಿನ ಉದ್ದವೂ ಇಲ್ಲ.
ಅಷ್ಟು ಬಟ್ಟೆ ನಾನು ಒಂದು ಉಸಿರಿಗೆ ಕತ್ತರಿಸುತ್ತಿದ್ದೆ.

ತಸ್ಲೀಮಾ ಮೇಡಂ ವ್ಯಾಯಾಮ ಮಾಡಿಸುವ ಕೋಣೆಯಲ್ಲಿ
ಗಾದಿಲಿಂಗಮ್ಮ ನನ್ನ ಪಕ್ಕದ ಬೆಂಚು.
ಇಪ್ಪತ್ತು ವರ್ಷ ಮೆಣಸಿನಕಾಯಿ ತೊಟ್ಟು ಮುರಿದ ಕೈ,
ಅವಳದು ಮೀಡಿಯನ್,
ಮಣಿಕಟ್ಟಿನ ಸಂದಿನಲ್ಲಿ ಹಿಸುಕಿಹೋದದ್ದು.
ಹೆಬ್ಬೆರಳು ಕಿರುಬೆರಳನ್ನು ಮುಟ್ಟಲಾರದು.
"ಖಾರ ಹತ್ತಿದ್ದು ಬೆರಳಿಗೆ ಗೊತ್ತಾಗಲ್ಲಣ್ಣ,
ಕಣ್ಣೊರೆಸಿಕೊಂಡಾಗಲೇ ಗೊತ್ತಾಗೋದು"
ಎಂದು ನಗುತ್ತಾಳೆ. ಕಣ್ಣು ಕೆಂಪಗಿವೆ.

ಹೊನ್ನೂರವಲಿಗೆ ಮೊಣಕೈ ಹಿಂದೆ ಗಾಜು ಹೊಕ್ಕಿತ್ತು,
ನಾವು ಗೋಡೆಗೆ ತಾಕಿಸಿ ಜುಮ್ಮೆನ್ನುತ್ತೇವಲ್ಲ, ಅಲ್ಲಿ.
ಕೊನೆಯ ಎರಡು ಬೆರಳು ಕೊಕ್ಕೆಯಾಗಿವೆ.
ಮೇಡಂ ಅವನ ಬೆರಳ ನಡುವೆ ಹತ್ತರ ನೋಟು ಸಿಕ್ಕಿಸಿ
ಎಳೆಯುತ್ತಾರೆ: "ಬಿಡಬೇಡ."
ಪ್ರತಿ ಸಲ ಬಂದುಬಿಡುತ್ತದೆ ನೋಟು.
ಪಗಾರದ ದಿನವೂ ಹಿಂಗೇ ಮೇಡಂ, ಅನ್ನುತ್ತಾನೆ.

ಮೂಲೆಯಲ್ಲಿ ಕೂತ ಹುಡುಗ ಬೈಕಿನಿಂದ ಬಿದ್ದವನು.
ಅವನ ನರಗಳು ಕುತ್ತಿಗೆಯ ಬುಡದಲ್ಲೇ ಕಿತ್ತುಬಂದಿವೆ.
ಮೇಡಂ ಅವನಿಗಾಗಿ
ನನ್ನ ಟೇಪು ಕೇಳುವುದಿಲ್ಲ.

ಪ್ರತಿ ತಿಂಗಳು ನನ್ನ ತೋಳನ್ನು
ಒಂದು ಬೆರಳಿನಿಂದ ತಟ್ಟುತ್ತ ಇಳಿಯುತ್ತಾರೆ,
ಕತ್ತಲಲ್ಲಿ ಬಾಗಿಲು ಹುಡುಕುವವರ ಹಾಗೆ.
ಜುಮ್ ಅಂದಲ್ಲಿ ನಿಲ್ಲಿಸಿ
ನನ್ನದೇ ಸುಣ್ಣದ ಬಿಲ್ಲೆಯಿಂದ ಗೆರೆ.
ಡೆನಿಮ್ಮಿನ ಮೇಲೆ ಎಷ್ಟು ಗೆರೆ ಎಳೆದಿರಬಹುದು ನಾನು,
ಚರ್ಮದ ಮೇಲೆ ಇದೇ ಮೊದಲು.
ಮನೆಯಲ್ಲಿ ಸ್ನಾನ ಮಾಡುವಾಗ ಅದಷ್ಟು ಜಾಗ
ಉಜ್ಜಬೇಡ ಅನ್ನುತ್ತೇನೆ ಇವಳಿಗೆ.
ಇವಳು ಉಜ್ಜುವುದಿಲ್ಲ. ನೀರು ಉಜ್ಜುತ್ತದೆ.

ಯೂನಿಟ್ಟಿನಲ್ಲಿ ತಿಪ್ಪೇಶ ಕತ್ತರಿಸುತ್ತಿದ್ದಾನೆ.
ಹೊಲಿಗೆಗೆ ಅರ್ಧ ಇಂಚು ಬಿಡದೆ ಕೆಡಿಸಿದ್ದ ಮೊನ್ನೆ.
ಬೈಯಲು ಎತ್ತಿದ ಕೈ
ಅವನತ್ತ ತೋರಿಸದೆ ನೆಲ ತೋರಿಸಿತು.
ಯಾರೂ ನಗಲಿಲ್ಲ. ಅದೇ ಕಷ್ಟವಾಯಿತು.

ಲೋಟ ಹಿಡಿಯುವುದಕ್ಕೂ ಮೊದಲು ಕೈ ಬಿಚ್ಚಬೇಕು,
ನಲವತ್ತೆಂಟು ವರ್ಷ ಇದು ತಿಳಿಯಲಿಲ್ಲ ನನಗೆ.
ಹಿಡಿತವೇ ಕಸುಬು ಅಂದುಕೊಂಡಿದ್ದೆ.

ಇವತ್ತು ಗೆರೆ ಮೊಣಕೈ ದಾಟಿದೆ.
ಸಂಜೆ ಎಲ್ಲರೂ ಹೋದ ಮೇಲೆ ತಿಪ್ಪೇಶ
ಒಂದು ಮಾತೂ ಆಡದೆ ಅಪ್ಪನ ಕತ್ತರಿ ತಂದು
ನನ್ನ ಬೆರಳಿಗೆ ತೊಡಿಸಿದ.
ತುಂಡು ಬಟ್ಟೆ ಹರವಿದ.
ಅವನು ಎರಡು ಬೆರಳಿನಿಂದ ಅಲಗು ತೆರೆಯುವುದು,
ನಾನು ಮುಚ್ಚುವುದು.
"ತೆರಿ," ಅಂದೆ.
ಕಚ್.
"ತೆರಿ."
ಗೆರೆ ಸೊಟ್ಟ ಹೋಯಿತು, ಪೂರಾ ಸೊಟ್ಟ.
ತೆರಿ ಮತ್ತೆ.